ಮೊದಲು ಹತ್ತುವವಳು

"ಅಲೆವ್ತಿನಾ ಪೆತ್ರೊವ್ನಾ, ನಾಳೆ ದಿಮ್ಮಿ ಮೇಲೆ ನಾನು ಮೊದಲು ಹತ್ತಲ್ಲ. ಕೊನೆಗೆ ಹತ್ತೀನಿ," ಎಂದಳು ಉಲ್ಯಾನಾ, ಚಮಚವನ್ನು ಗ್ರೆಚ್ಕಾ ಕಾಳಿನ ಗಂಜಿಯಲ್ಲಿ ನೆಟ್ಟು.

ಕಜಾನಿನ ಹೋಟೆಲಿನ ಊಟದ ಕೋಣೆಯಲ್ಲಿ ವೊರೊನೆಜ್ ತಂಡದ ಉಳಿದ ಮೂವರು ಹುಡುಗಿಯರೂ ಅಗಿಯುವುದನ್ನು ನಿಲ್ಲಿಸಿದರು. ಕೋಚ್ ಅಲೆವ್ತಿನಾ ಪೆತ್ರೊವ್ನಾ ಮಾತ್ರ ನಿಲ್ಲಿಸಲಿಲ್ಲ. ಹುಡುಗಿಯರ ಅಳು, ಮುನಿಸು, ಉಪವಾಸ ಎಲ್ಲವನ್ನೂ ಕಂಡು ಗಟ್ಟಿಯಾದ ಹೆಂಗಸು ಅವರು. ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಕೇಳಿದರು.

"ಯಾಕಂತೆ?"

"ಸಾಕಾಗಿದೆ, ಅದಕ್ಕೆ."

"ನಿಂಗೆ ಸಾಕಾದ್ರೆ ಮೊದಲು ಯಾರು ಹತ್ತಬೇಕಮ್ಮಾ? ನಾನಾ?"

ತಂಡದಲ್ಲೇ ಚಿಕ್ಕವಳಾದ ಮಿಲಾನಾ ಕಿಸಕ್ಕನೆ ನಕ್ಕಳು. "ಅಜ್ಜಿಗೆ ಕೋಪ ಬಂದಿದೆ," ಎಂದು ಪಕ್ಕದ ಕಿರಾಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಇಪ್ಪತ್ತನಾಲ್ಕಕ್ಕೇ ಉಲ್ಯಾನಾ ಅವರಿಗೆಲ್ಲ ಅಜ್ಜಿ. ಜಿಮ್ನಾಸ್ಟಿಕ್ಸಿನಲ್ಲಿ ವಯಸ್ಸು ಹಾಗೆಯೇ ಓಡುವುದು, ಏನು ಮಾಡುವುದು!

ಅವಳ ಕೋಪ ಏನೆಂದು ಹೇಳಿಬಿಡುತ್ತೇನೆ, ಕೇಳಿ. ಬೀಮಿಗೆ ಅಲ್ಲಿಯ ಹುಡುಗಿಯರು ಅನ್ನುವುದೇ ದಿಮ್ಮಿ ಎಂದು. ಅಂಗೈ ಅಗಲದ ಆ ದಿಮ್ಮಿಯ ಮೇಲೆ ಒಂದು ತಂಡದಿಂದ ನಾಲ್ವರು ಹತ್ತುತ್ತಾರೆ, ಮೂವರ ಅಂಕ ಲೆಕ್ಕಕ್ಕೆ. ಮೊದಲು ಹತ್ತುವವಳು ಬೀಳಲೇಬಾರದು. ಅವಳು ಬಿದ್ದಳೋ, ಹಿಂದಿನವರ ಕಾಲೂ ನಡುಗಿತು ಅಂತಲೇ ಲೆಕ್ಕ. ಅದಕ್ಕೇ ಗಟ್ಟಿಗಿತ್ತಿಯನ್ನು ಮುಂದೆ ಹಾಕುವುದು. ಆದರೆ ತೀರ್ಪುಗಾರರು? ಮೊದಲನೆಯವಳಿಗೆ ಅಂಕ ಕೊಡುವಾಗ ಅವರ ಕೈ ಜಿಪುಣನ ಕೈಯಾಗುತ್ತದೆ. ಈಗಲೇ ಧಾರಾಳವಾಗಿ ಕೊಟ್ಟುಬಿಟ್ಟರೆ ಮುಂದೆ ಬರುವ ಚೆಲುವೆಯರಿಗೆ ಏನು ಕೊಡುವುದು ಎಂಬ ಚಿಂತೆ ಅವರಿಗೆ. ಹೀಗೆ ಹದಿನೈದನೆಯ ವಯಸ್ಸಿನಿಂದ ಉಲ್ಯಾನಾ ಮೊದಲು ಹತ್ತುತ್ತಿದ್ದಾಳೆ, ಬೀಳದೆ ಇಳಿಯುತ್ತಿದ್ದಾಳೆ, ಕಡಿಮೆ ಅಂಕ ತೆಗೆದುಕೊಂಡು ಬೆಂಚಿಗೆ ಹೋಗಿ ಮಿಕ್ಕವರಿಗೆ ಚಪ್ಪಾಳೆ ತಟ್ಟುತ್ತಿದ್ದಾಳೆ. ದಿಮ್ಮಿಯ ಫೈನಲ್ಲಿಗೆ ಎಂಟು ಮಂದಿ ಹೋಗುತ್ತಾರೆ. ಅವಳು ಮೂರು ಸಲ ಒಂಬತ್ತನೆಯವಳಾಗಿದ್ದಾಳೆ. ಒಂಬತ್ತನೆಯವಳೆಂದರೆ, ಎಂಟರಲ್ಲಿ ಯಾರಿಗಾದರೂ ಕಾಲು ಉಳುಕೀತೇ ಎಂದು ಮೂಲೆಯಲ್ಲಿ ಕಾಯುವವಳು. ಹಾಗೆ ಕಾಯುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

"ನೀನು ನಮ್ಮ ಅಡಿಪಾಯ ಕಣೆ," ಎಂದರು ಅಲೆವ್ತಿನಾ ಪೆತ್ರೊವ್ನಾ. ಪ್ರತಿ ವರ್ಷವೂ ಇದನ್ನೇ ಅನ್ನುತ್ತಿದ್ದರು.

"ಅಡಿಪಾಯ ನೋಡೋಕೆ ಯಾರಾದ್ರೂ ಬರ್ತಾರಾ? ಮಣ್ಣೊಳಗೆ ಇರತ್ತೆ ಅದು." ಉಲ್ಯಾನಾ ತಟ್ಟೆ ದೂರ ತಳ್ಳಿದಳು. "ಎರಡು ಲಾಗದ ಜೋಡಿ ನಂಗೆ ಬರತ್ತೆ. ಅಭ್ಯಾಸದಲ್ಲಿ ನೀವೇ ನೋಡಿದೀರಿ. ಇವತ್ತಿಗೂ ಒಂದು ಸ್ಪರ್ಧೆಯಲ್ಲಿ ಮಾಡೋಕೆ ಬಿಟ್ಟಿಲ್ಲ. 'ಬೇಡ ಉಲ್ಯಾ, ಬಿದ್ದುಗಿದ್ದೀಯಾ, ಸುಮ್ನೆ ನಿಂತು ಇಳಿ.' ಹೊರದೇಶದ ಸ್ಪರ್ಧೆಗಳ ಬಾಗಿಲಂತೂ ನಮ್ಮ ರಷ್ಯದೋರಿಗೆ ಮುಚ್ಚಿಹೋಯ್ತು. ನಂಗುಳಿದಿರೋದು ಇದೊಂದೇ. ಈ ಬೇಸಿಗೆ ಆದ್ಮೇಲೆ ನಾನು ಪುಟಾಣಿಗಳಿಗೆ ಪಲ್ಟಿ ಹೇಳ್ಕೊಡೋಕೆ ಹೋಗ್ತೀನಿ. ಒಂದೇ ಒಂದು ಸಲ ಫೈನಲ್ಲಲ್ಲಿ ನಿಲ್ಲೋಕೆ ಬಿಡಿ."

ಕೋಚ್ ಬ್ರೆಡ್ ಕೆಳಗಿಟ್ಟರು.

"ಸರಿ. ಮೊಂಡು ಬಿದ್ದಿದೀಯ, ಕೊನೆಗೇ ಹತ್ತು. ಕಿರಾ, ನಾಳೆ ಮೊದಲು ನೀನು."

ಕಿರಾಳ ಮುಖ ಸುಣ್ಣದಂತಾಯಿತು.

ಮಾರನೆಯ ದಿನ ಕಿರಾ ದಿಮ್ಮಿಯ ಮುಂದೆ ನಿಂತಳು. ಹಿರಿಯ ತೀರ್ಪುಗಾರ್ತಿ ಗುಂಡಿ ಒತ್ತಿ ದೀಪ ಹಸಿರು ಮಾಡುತ್ತಲೇ ಅವಳು ಕೈ ಎತ್ತಿ ನಮಸ್ಕರಿಸಿ ಹತ್ತಿದಳು. ಒಂದು ತಿರುವಿನಲ್ಲೇ ಜಾರಿ ದಬ್ಬನೆ ಚಾಪೆಯ ಮೇಲೆ ಬಿದ್ದಳು. ಬೆಂಚಿನ ಮೇಲಿದ್ದ ಉಲ್ಯಾನಾ ಕಣ್ಣು ಮುಚ್ಚಿಕೊಂಡಳು. ಎರಡನೆಯವಳು ಜ್ಲಾತಾ ದೃಷ್ಟಿ ತಗಲದಿರಲೆಂದು ಎಡಭುಜದಾಚೆ ಮೂರು ಸಲ ಥೂ ಎಂದು ಹತ್ತಿ, ತೂರಾಡಿಕೊಂಡೇ ಹೇಗೋ ಮುಗಿಸಿದಳು. ಆಮೇಲೆ ಮಿಲಾನಾ. ಆ ಹುಡುಗಿ ಚೆನ್ನಾಗಿ ಮಾಡಿದಳು, ಸುಳ್ಳು ಹೇಳಬಾರದು. ಆದರೆ ಇಳಿಯುವಾಗ ಅವಳ ಕಾಲು ದಿಮ್ಮಿಗೆ ತಾಗಿತೋ ಇಲ್ಲವೋ ಎಂದು ತೀರ್ಪುಗಾರರಲ್ಲಿ ತಕರಾರು ಶುರುವಾಯಿತು. ತಲೆಗೆ ತಲೆ ಸೇರಿಸಿ ಪಿಸುಗುಟ್ಟತೊಡಗಿದರು.

ಉಲ್ಯಾನಾ ಕಾದಳು. ಅಯ್ಯೋ, ಕಾಯುವುದು ಇಷ್ಟು ಕಷ್ಟವೇ! ಅವಳಿಗೆ ಗೊತ್ತೇ ಇರಲಿಲ್ಲ. ಮೊದಲು ಹತ್ತುವವಳಿಗೆ ಕಾಯುವ ಪಾಡೇ ಇಲ್ಲ. ಮೈ ಬಿಸಿ ಮಾಡಿಕೊಂಡು ಚಾಕ್ ಪುಡಿ ಹಚ್ಚಿ ತಿರುಗುವಷ್ಟರಲ್ಲಿ ಎಲ್ಲ ಸಿದ್ಧವಾಗಿರುತ್ತದೆ, ಕೈ ಎತ್ತಿ ಹೊರಡುವುದಷ್ಟೇ. ಈಗ ಬೆವರು ಆರಿ ಬೆನ್ನು ತಣ್ಣಗಾಯಿತು, ಬೆರಳು ಮರಗಟ್ಟಿದವು. ಅವಳು ಚಾಕ್ ಹಚ್ಚಿಕೊಂಡಳು, ಒರೆಸಿಕೊಂಡಳು, ಮತ್ತೆ ಹಚ್ಚಿಕೊಂಡಳು.

ಆಗ ಅಲೆವ್ತಿನಾ ಪೆತ್ರೊವ್ನಾ ಹತ್ತಿರ ಬಂದು ಅವಳ ಭುಜ ಹಿಡಿದರು.

"ಉಲ್ಯಾ, ಕಿರಾ ಬಿದ್ದಳು. ಮಿಲಾನಾದು ಏನಾಗತ್ತೋ ಗೊತ್ತಿಲ್ಲ. ಜೋಡಿ ಲಾಗ ತೆಗೆದುಬಿಡು. ಸುಮ್ನೆ ನಿಂತು ಇಳಿ, ಆಯ್ತಾ?"

ಉಲ್ಯಾನಾಳಿಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಬಂದರೂ ಅದೇ ಮಾತು! ಇನ್ನು ತನ್ನನ್ನು ಹೂತ ಮೇಲೂ ಇವರು ಗೋರಿಯ ಮೇಲೆ 'ಸುಮ್ನೆ ನಿಂತಳು' ಎಂದೇ ಕೆತ್ತಿಸುತ್ತಾರೆ.

"ಕೈ ಬಿಡಿ," ಎಂದಳು.

ಭುಜ ಕೊಡವಿಕೊಂಡು ನಡೆದಳು. ಎಡಬಲ ನೋಡಲಿಲ್ಲ. ತೀರ್ಪುಗಾರರ ಮೇಜಿನ ಕಡೆಗೆ ಕೈ ಎತ್ತಿದಳು, ಓಡಿದಳು, ಹಾರಿ ದಿಮ್ಮಿಯ ಮೇಲಿದ್ದಳು.

ಹಿಂದಿನಿಂದ ಅಲೆವ್ತಿನಾ ಪೆತ್ರೊವ್ನಾ ಕೂಗಿದರು. ಮತ್ತೆ ಕೂಗಿದರು, ಇನ್ನೂ ಜೋರಾಗಿ. ಆಟ ಶುರುವಾದ ಮೇಲೆ ಕೋಚ್ ವೇದಿಕೆ ಹತ್ತುವಂತಿಲ್ಲ, ಕೂಗುವುದೊಂದೇ ಉಳಿದ ದಾರಿ. ಕೂಗಿಕೊಳ್ಳಲಿ, ಎಂದುಕೊಂಡಳು ಉಲ್ಯಾನಾ. ಆ ಕೂಗಿಗೆ ಕಿವಿಗೊಟ್ಟೇ ತಾನು ಅಜ್ಜಿಯಾದದ್ದು. ಅವಳು ಕಿವಿ ಮುಚ್ಚಿಕೊಂಡಂತೆ ಮುಂದೆ ನಡೆದಳು.

ದಿಮ್ಮಿಯ ತುದಿಯಲ್ಲಿ ನಿಂತು ಉಸಿರೆಳೆದಳು. ಹಿಂದಕ್ಕೆ ಒಂದು ಲಾಗ, ಕೈ ಊರದೆ. ಕಾಲು ತಾಗುತ್ತಲೇ ಇನ್ನೊಂದು. ಎರಡೂ ಪಾದ ತಮ್ಮ ಜಾಗ ತಾವೇ ಹುಡುಕಿಕೊಂಡು ಬಂದು ಕೂತವು. ಒಂದಿಷ್ಟೂ ಅಲುಗಲಿಲ್ಲ. ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲಿನ ತಿರುವು, ನೆಗೆತ, ಎಲ್ಲವೂ ಮನೆಯಲ್ಲಿ ಓಡಾಡಿದ ಹಾಗೆ ಬಂದವು. ಕೊನೆಗೆ ತುದಿಯಿಂದ ಚಿಮ್ಮಿ, ಗಾಳಿಯಲ್ಲಿ ತಿರುಗಿ, ಚಾಪೆಯ ಮೇಲೆ ನಿಂತಳು. ಮೊಳೆ ಹೊಡೆದ ಹಾಗೆ ನಿಂತಳು. ಕೈ ಎತ್ತಿ ತೀರ್ಪುಗಾರರ ಕಡೆ ತಿರುಗಿದಳು.

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಮೇಜಿನ ಹಿಂದೆ ಹಿರಿಯ ತೀರ್ಪುಗಾರ್ತಿ ಎದ್ದು ನಿಂತಿದ್ದಳು. ಅವಳ ಪಕ್ಕದಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

ಉಲ್ಯಾನಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಅರ್ಥವಾಯಿತು. ಮಿಲಾನಾಳ ತಕರಾರೇ ಮುಗಿದಿರಲಿಲ್ಲ. ಹಸಿರು ಬಂದಿರಲೇ ಇಲ್ಲ. ಅಲೆವ್ತಿನಾ ಪೆತ್ರೊವ್ನಾ ಕೂಗಿದ್ದು ಲಾಗಕ್ಕಲ್ಲ. "ದೀಪ! ಉಲ್ಯಾ, ದೀಪ ನೋಡು!" ಎಂದು ಗಂಟಲು ಹರಿದುಕೊಂಡಿದ್ದರು.

ಅಪ್ಪಣೆಯಿಲ್ಲದೆ ಹತ್ತಿದವಳಿಗೆ ಸೊನ್ನೆ. ನಿಯಮ ಅಷ್ಟು ಸರಳ. ಅಂಕದ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಅದೇ ಬಂತು.

ಕೋಚ್ ಮೇಜಿಗೆ ಹೋಗಿ ವಾದಿಸಿದರು, ಕೈಮುಗಿದರು, ಬೈದರು. "ಅಲ್ಲ ತಾಯೀ, ನಿಮಗೆ ಕಣ್ಣಿಲ್ವಾ? ಅಂಥದ್ದು ಈ ಹಾಲ್‌ನಲ್ಲಿ ಇವತ್ತು ಬೇರೆ ಯಾರು ಮಾಡಿದಾರೆ ಹೇಳಿ!"

"ಕಣ್ಣಿದೆ, ನೋಡಿದೆ. ಚೆನ್ನಾಗಿತ್ತು," ಎಂದಳು ಹಿರಿಯ ತೀರ್ಪುಗಾರ್ತಿ. "ಆದ್ರೆ ನಾನು ಕರೆದಿರ್ಲಿಲ್ಲ."

ಚೆನ್ನಾಗಿತ್ತಂತೆ! ಆ ಮಾತನ್ನು ಇಟ್ಟುಕೊಂಡು ಉಲ್ಯಾನಾ ಏನು ಮಾಡಬೇಕು, ಉಪ್ಪಿನಕಾಯಿ ಹಾಕಬೇಕೇ?

ಇನ್ನೂ ಒಂದು ಉಳಿದಿತ್ತು. ನಾಲ್ವರಲ್ಲಿ ಮೂವರ ಅಂಕ ಲೆಕ್ಕಕ್ಕೆ ಅಂದೆನಲ್ಲ? ಕೈಬಿಟ್ಟ ಅಂಕ ಅವಳದು. ಇಷ್ಟು ವರ್ಷ ಬೀಳದೆ ನಿಂತು ಕೊಟ್ಟ ಅಂಕವೆಲ್ಲ ತಂಡದ ಲೆಕ್ಕಕ್ಕೆ ಹೋಗಿತ್ತು. ತನಗೋಸ್ಕರ ಹತ್ತಿದ ಒಂದೇ ಒಂದು ಸಲ ಅದನ್ನು ಕಸದ ಬುಟ್ಟಿಗೆ ಹಾಕಿದರು. ಅದರ ಬದಲು, ಬಿದ್ದಿದ್ದ ಕಿರಾಳ ಅಂಕ ಸೇರಿಸಿಕೊಂಡರು. ತಂಡ ಮೂರನೆಯ ಜಾಗದಿಂದ ನಾಲ್ಕಕ್ಕೆ ಇಳಿಯಿತು. ಇನ್ನು ಕಾರ್ಪೆಟ್ಟಿನ ಮೇಲೆ ಹಾಡಿಗೆ ತಕ್ಕಂತೆ ಮಾಡುವ ನೆಲದಾಟವೊಂದೇ ಬಾಕಿ.

ಅವಳು ಬೆಂಚಿನ ಮೇಲೆ ಟವೆಲ್ ಮುಚ್ಚಿಕೊಂಡು ಕೂತಳು. ಅಳು ಬರಲಿಲ್ಲ, ಬರೀ ಸಿಟ್ಟು. ತೀರ್ಪುಗಾರ್ತಿಯ ಮೇಲೆ, ಕೋಚಿನ ಮೇಲೆ, ಮಿಲಾನಾಳ ಆ ಹಾಳು ಕಾಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ದೀಪ ನೋಡಲು ಕಲಿಯದ ತನ್ನ ಕಣ್ಣಿನ ಮೇಲೆ. ಅಲೆವ್ತಿನಾ ಪೆತ್ರೊವ್ನಾ ಬಂದು ಪಕ್ಕದಲ್ಲಿ ಕೂತರು.

"ತಪ್ಪು ನಂದೂ ಇದೆ. ಯಾವತ್ತೂ ಕಾಯೋದು ಕಲಿಸಲಿಲ್ಲ ನಿಂಗೆ."

ಉಲ್ಯಾನಾ ಟವೆಲನ್ನು ಇನ್ನೂ ಕೆಳಗೆ ಎಳೆದುಕೊಂಡಳು.

"ಎರಡನೇ ಲಾಗ ನನ್ನ ಮೂವತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾರೂ..."

"ಬೇಡ. ಹೇಳ್ಬೇಡಿ."

ನೆಲದಾಟಕ್ಕೆ ಕರೆ ಬಂತು. ಎದುರು ಬೆಂಚಿನಲ್ಲಿ ಕಿರಾ ಬಿಕ್ಕುತ್ತಿದ್ದಳು, ಜ್ಲಾತಾ ಉಗುರು ಕಚ್ಚುತ್ತಿದ್ದಳು, ಮಿಲಾನಾಳ ತುಟಿ ಅದುರುತ್ತಿತ್ತು. ನೆಲದಾಟಕ್ಕೂ ಕಿರಾಳ ಹೆಸರೇ ಮೊದಲು ಬರೆದಿತ್ತು. ಕಿರಾ ಎದ್ದಳು, ಮತ್ತೆ ಕೂತುಬಿಟ್ಟಳು.

"ಅಜ್ಜೀ," ಎಂದಳು ಮಿಲಾನಾ. ಈ ಸಲ ಅದು ತಮಾಷೆಯಾಗಿರಲಿಲ್ಲ. "ನೀನು ಮೊದಲು ಹೋಗ್ತೀಯಾ?"

ಉಲ್ಯಾನಾ ಅವಳನ್ನೇ ನೋಡಿದಳು. ಕೋಚ್ ಬಾಯಿ ಬಿಡಲಿಲ್ಲ. ಬೇರೆ ದಿನವಾಗಿದ್ದರೆ ಬಿಡುತ್ತಿದ್ದರು.

"ಎಲ್ಲಾ ಸೇರಿ ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೀರಾ," ಎಂದಳು ಉಲ್ಯಾನಾ. ಟವೆಲನ್ನು ಮಿಲಾನಾಳ ಮಡಿಲಿಗೆ ಎಸೆದಳು, ಜಡೆ ಬಿಗಿದುಕೊಂಡಳು. "ಹೋಗಿ ಹೆಸರು ಬದಲಾಯಿಸಿ, ಅಲೆವ್ತಿನಾ ಪೆತ್ರೊವ್ನಾ. ಕೂತ್ಕೊಂಡು ಏನ್ ನೋಡ್ತಿದೀರಿ?"

ಕೋಚ್ ಓಡಿದರು. ಬದಲಾವಣೆಗೆ ಒಪ್ಪಿಗೆ ಸಿಕ್ಕಿತು.

ಅವಳು ಕಾರ್ಪೆಟ್ಟಿನ ಅಂಚಿಗೆ ಬಂದು ನಿಂತಳು. ಈ ಸಲ ದೀಪವನ್ನೇ ನೋಡಿದಳು. ಕೆಂಪು. ಇನ್ನೂ ಕೆಂಪು. ಆಮೇಲೆ ಹಸಿರು ಹತ್ತಿತು. ನೆಲದಾಟದ ಹಿರಿಯ ತೀರ್ಪುಗಾರ್ತಿ ಪೆನ್ನು ಹಿಡಿದು ತಲೆಯೆತ್ತಿದಳು. ಹಾಡು ಹಾಕುವವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ಬೆಂಚಿನ ಮೇಲೆ ಮೂವರು ಹುಡುಗಿಯರು ಉಸಿರು ಬಿಗಿ ಹಿಡಿದರು.

ಉಲ್ಯಾನಾ ಕೈ ಎತ್ತಲಿಲ್ಲ. ಹಸಿರಾದ ಮೇಲೆ ಹೊರಡುವುದಕ್ಕೆ ನಿಯಮವೇ ಅರ್ಧ ನಿಮಿಷ ಕೊಡುತ್ತದೆ. ಇಷ್ಟು ವರ್ಷಗಳಲ್ಲಿ ಅದರಲ್ಲಿ ಒಂದು ಚೂರನ್ನೂ ಅವಳು ಬಳಸಿರಲಿಲ್ಲ. ಈಗ ನಿಧಾನವಾಗಿ ತೋಳಿನ ಅಂಚು ಸರಿಮಾಡಿಕೊಂಡಳು, ಅಂಗೈಯ ಪುಡಿ ಒರೆಸಿಕೊಂಡಳು, ಮೇಜಿನ ಹಿಂದಿದ್ದ ತೀರ್ಪುಗಾರರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

ಇವತ್ತು ಅವರು ಕಾಯಲಿ.