ಗಾಳಿಮರೆಯ ಜಾಗ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನನಗಂತೂ ಸಿಗಲಿಲ್ಲ.

ಮೂರು ಚಳಿಗಾಲ ನಾನೂ ತಾರ್ಮೊನೂ ಒಟ್ಟಿಗೆ ಸೈಕಲ್ ತುಳಿದು, ಸೇತುವೆ ದಾಟಿ, ಲಾಂಡ್ರಿ ಕೆಲಸಕ್ಕೆ ಹೋದವರು. ಅವನು ಮುಂದೆ, ನಾನು ಹಿಂದೆ. ನಮ್ಮೂರು ಔಲುವಿನ ಸಮುದ್ರದ ಗಾಳಿಗೆ ಎದೆಯೊಡ್ಡುವವನ ಬೆನ್ನ ಹಿಂದೆ ಜಾಗ ಸಿಗುವುದೆಂದರೆ ಸಣ್ಣ ಮಾತಲ್ಲ. ಆ ಅಗಲವಾದ ಬೆನ್ನು ನೋಡುತ್ತಾ, ಈ ವರ್ಷ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ತುರ್ಕು ಪಟ್ಟಣದಿಂದ ನಮ್ಮ ಲಾಂಡ್ರಿಗೇ ಕೆಲಸಕ್ಕೆ ಬಂದಳು ಸೈಮಿ. ದಕ್ಷಿಣದವಳು, ಇಷ್ಟು ಚಳಿ ಕಾಣದವಳು. ಹೊಸ ಸೈಕಲ್ಲು, ಹಿಮದಲ್ಲಿ ಜಾರದಂತೆ ಮೊಳೆ ಕೂರಿಸಿದ ಹೊಸ ಟೈರು.

"ಹಿಲ್ಕಾ, ಇವಳಿಗೆ ಅಭ್ಯಾಸ ಇಲ್ಲ. ನೀನು ಸ್ವಲ್ಪ ಹಿಂದೆ ಬಾ," ಅಂದ ತಾರ್ಮೊ.

ಮುಗಿಯಿತು, ನಾನು ಮೂರನೆಯವಳಾದೆ. ಅವಳ ಚಕ್ರ ಎಬ್ಬಿಸಿದ ಹಿಮವೆಲ್ಲ ನನ್ನ ಮುಖಕ್ಕೆ. ನನ್ನ ಟೈರಿನ ಮೊಳೆ ಅರ್ಧ ಉದುರಿತ್ತು, ಬ್ರೇಕಿನ ತಂತಿ ಸೆಟೆದುಕೊಂಡಿತ್ತು. ಕೇಳುವವರು ಯಾರು?

ಒಂದು ಸಂಜೆ ಸೈಮಿ ಕೇಳಿದಳು. "ಹಿಲ್ಕಾ, ಸೈಕಲ್ಲನ್ನ ಹೊರಗೇ ಬಿಟ್ರೆ ಹಾಳಾಗಲ್ವಾ?"

"ಅಯ್ಯೋ, ಒಳಗಿಡು ಮಾರಾಯ್ತಿ! ಹೀಟರ್ ಪಕ್ಕ, ಬೆಚ್ಚಗೆ."

ನಮ್ಮೂರಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಚಳಿಗಾಲದ ಸೈಕಲ್ಲು ಚಳಿಯಲ್ಲೇ ಇರಬೇಕು. ಒಳಗಿಟ್ಟರೆ ಹಿಮ ಕರಗಿ ನೀರು ಹಿಂದಿನ ಚಕ್ರದ ಫ್ರೀವೀಲಿಗೆ ಇಳಿಯುತ್ತದೆ. ಹೊರಗೆ ತಂದ ಸ್ವಲ್ಪ ಹೊತ್ತಿಗೆ ಅದು ಹೆಪ್ಪುಗಟ್ಟಿ, ಪೆಡಲು ಬರಿದೇ ತಿರುಗುತ್ತದೆ. ಇದನ್ನು ನಾನು ಹೇಳಲಿಲ್ಲ.

ಮರುದಿನ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ಸೇತುವೆಯ ನಡುಮಧ್ಯದಲ್ಲಿ ಸೈಮಿ ಕೂಗಿದಳು. "ತಾರ್ಮೊ! ತುಳಿದ್ರೂ ಮುಂದಕ್ಕೇ ಹೋಗ್ತಿಲ್ಲ!"

ನನಗೆ ಹಾಲು ಕುಡಿದಷ್ಟು ಸಂತೋಷ.

ತಾರ್ಮೊ ಇಳಿದು ಪೆಡಲು ತಿರುಗಿಸಿ ನೋಡಿದ. "ಒಳಗಿಟ್ಟಿದ್ಯಾ? ಯಾರು ಹೇಳಿದ್ರು ನಿಂಗೆ?"

ಸೈಮಿ ನನ್ನತ್ತ ಒಮ್ಮೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಯಾರೂ ಇಲ್ಲ. ನಾನೇ ಪೆದ್ದಿ," ಅಂದಳು.

ಹಾಳಾದವಳು! ನಾಲ್ಕು ಬೈದಿದ್ದರೂ ಚೆನ್ನಾಗಿತ್ತು.

"ಬಾ, ತಳ್ಕೊಂಡು ಹೋಗೋಣ," ಎಂದ ಅವನು ಅವಳಿಗೆ. ನನಗೆ, "ಹಿಲ್ಕಾ, ನೀನು ನಡಿ. ನಾವು ಬರೋದು ಲೇಟು ಅಂತ ಹೇಳ್ಬಿಡು."

ಮುಂದೆ ಯಾರ ಬೆನ್ನೂ ಇಲ್ಲದೆ ಉಳಿದ ಸೇತುವೆ ದಾಟಿದೆ. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು.

ನಲವತ್ತು ನಿಮಿಷದ ಮೇಲೆ ಬಂದರು, ಇಬ್ಬರೂ ನಗುತ್ತಾ. ಕಾಫಿ ಹೊತ್ತಿಗೆ ತಾರ್ಮೊ ನನ್ನ ಪಕ್ಕದಲ್ಲೇ ಬಂದು ಕೂತ. ನಾನು ಸರಿದು ಜಾಗ ಮಾಡಿಕೊಟ್ಟೆ.

"ಸೈಮಿ ಅಂಗಳದ ತುಂಬಾ ಹಿಮ ಕಣೇ, ಸೈಕಲ್ ನಿಲ್ಸೋಕೆ ಜಾಗ ಇಲ್ಲ. ಇನ್ಮೇಲೆ ನಮ್ಮನೆ ಸೌದೆ ಕೊಟ್ಟಿಗೇಲಿ ಇಡ್ತಾಳೆ. ಬೆಳಿಗ್ಗೆ ಬಂದು, ಕಾಫಿ ಕುಡ್ಕೊಂಡು ಹೊರಡೋದು. ನೀನು ಕಾಯ್ಬೇಡ, ನಾವು ನಿಧಾನಕ್ಕೆ ಬರ್ತೀವಿ."

‘ನಾವು’ ಅಂದ. ಮೂರು ವರ್ಷದಲ್ಲಿ ನನ್ನನ್ನು ಸೇರಿಸಿಕೊಂಡು ಅವನು ಒಮ್ಮೆಯೂ ಆ ಮಾತು ಆಡಿರಲಿಲ್ಲ.