ನಿಮ್ಮ ದಯದಿಂದ ಚೆನ್ನಾಗಿದ್ದೀನಿ

ಗಂಡ ಕಿಹೆಯ್ ತೀರಿಕೊಂಡ ಮೇಲೆ ಮಿಸಾವೊಗೆ ಅನ್ನ ಇಳಿಯದಾಯಿತು. ತುತ್ತು ಬಾಯಿಗಿಟ್ಟೊಡನೆ ಯಾರೋ ಗಂಟಲು ಅಮುಕಿದಂತಾಗುತ್ತಿತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಗಂಟಲಲ್ಲಿ ಏನೂ ಇಲ್ಲವೆಂದು ಹೇಳಿ, ಬಂದರಿನ ಹತ್ತಿರದ ಆರೋಗ್ಯ ಕೇಂದ್ರದ ಆಪ್ತಸಮಾಲೋಚಕಿ ಅಕಿಹೊ ಬಳಿಗೆ ಕಳಿಸಿದರು.

ಗಂಡನ ಅಕ್ಕ ಹತ್ಸುನೊ ಕೇಳಿ ನಕ್ಕುಬಿಟ್ಟಳು. "ಗಂಡ ಸತ್ತೋಳು ಧೂಪ ಹಚ್ಚಿ ಅಳ್ಬೇಕು. ಕಂಡೋರ ಹತ್ರ ಹೋಗಿ ಕತೆ ಹೇಳೋದಾ? ಮಾತಾಡಿದ್ರೆ ಗಂಟಲು ಬಿಡೋ ಹಾಗಿದ್ರೆ, ನಾನಾಡೋ ಮಾತಿಗೆ ಇಷ್ಟು ಹೊತ್ತಿಗೆ ತಿಮಿಂಗಿಲ ನುಂಗ್ಬೇಕಿತ್ತು!"

ಆದರೂ ಮಿಸಾವೊ ಹೋದಳು. ಇದ್ದುದರಲ್ಲೇ ಒಳ್ಳೆಯ ಕಿಮೊನೊ ಉಟ್ಟು, ಒಣಮೀನಿನ ಪೊಟ್ಟಣ ಹಿಡಿದು ಹೋದಳು.

"ಹೇಗಿದ್ದೀರಿ?" ಎಂದಳು ಅಕಿಹೊ.

ಮಿಸಾವೊ ತಲೆ ಬಾಗಿಸಿದಳು. "ನಿಮ್ಮ ದಯದಿಂದ ಚೆನ್ನಾಗಿದ್ದೀನಿ."

ಆ ಊರಲ್ಲಿ ಯಾರು ಕೇಳಿದರೂ ಆ ಉತ್ತರ ಬಾಯಿಗೆ ತಾನಾಗಿಯೇ ಬರುತ್ತದೆ. ಹಲ್ಲುನೋವಿನವರು ಹಲ್ಲಿನ ಡಾಕ್ಟರಿಗೂ ಮೊದಲು ಅದನ್ನೇ ಹೇಳುತ್ತಾರೆ.

"ಯಜಮಾನರನ್ನ ನೆನೆಸ್ಕೊಂಡ್ರೆ ಏನನ್ನಿಸುತ್ತೆ?"

"ತುಂಬಾ ನೆನಪಾಗ್ತಾರೆ ಮೇಡಂ."

ಅಕಿಹೊ ನಂಬಿದಳು. ದುಃಖ ಒಳಗೇ ಉಳಿದಿದೆ ಎಂದುಕೊಂಡು, ದಿನವೂ ಗಂಡನ ಫೋಟೋದ ಮುಂದೆ ಕೂತು ಮಾತಾಡಲು ಹೇಳಿದಳು. ಮಿಸಾವೊ ಹೇಳಿದ ಹಾಗೇ ಮಾಡಿದಳು. ಬಿಸಿ ಅನ್ನ ಎಡೆಯಿಟ್ಟು ಕೂತರೆ, ಉಪ್ಪಿನಕಾಯಿ ಎಲ್ಲಿ ಎಂದು ಗದರುವವನಂತೆ ಕಿಹೆಯ್ ನೋಡುತ್ತಿದ್ದ. ಕೆಲವು ದಿನಗಳಲ್ಲಿ ಅವಳಿಗೆ ಚಹಾ ಕೂಡ ಇಳಿಯದಾಯಿತು.

ಅವಳ ಗೆಳತಿ ಇಕುಯೊ ಹಿಂದೊಮ್ಮೆ ಮನೆಯ ಹೊಸ್ತಿಲು ದಾಟಲೂ ಹೆದರುತ್ತಿದ್ದವಳು. ಇದೇ ಅಕಿಹೊ ಹತ್ತಿರ ಹೋಗಿ ಚೇತರಿಸಿಕೊಂಡಿದ್ದಳು. ಒಂದು ಸಂಜೆ ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಮಿಸಾವೊಳ ಬೆನ್ನುಜ್ಜುತ್ತಿದ್ದ ಇಕುಯೊಳ ಕೈ ನಿಂತುಬಿಟ್ಟಿತು.

"ಅಯ್ಯೋ, ಬರೀ ಮೂಳೆ ಕಣೇ! ಆ ಮೇಡಂ ಹತ್ರ ಏನ್ ಹೇಳ್ತೀಯ ನೀನು?"

"ಚೆನ್ನಾಗಿದ್ದೀನಿ ಅಂತ."

"ಮತ್ತೆ ಹೋಗೋದ್ಯಾಕೆ? ಒಣಮೀನು ಕೊಟ್ಟು ಬರೋಕಾ?"

ಮಿಸಾವೊ ನಕ್ಕಳು. ನಗುನಗುತ್ತಲೇ ಅಳು ಬಂತು. "ನಿಜ ಹೇಳಿದ್ರೆ ಆಯಮ್ಮ ನನ್ನ ರಾಕ್ಷಸಿ ಅಂದ್ಕೋತಾಳೆ."

"ಇಲ್ಲಿ ನೋಡೇ. ಮೈಮೇಲೆ ಒಂದೆಳೆ ಬಟ್ಟೆ ಇಲ್ದೆ ಊರ ಹೆಂಗಸರ ಮಧ್ಯೆ ಕೂತಿದ್ದೀಯ. ನಿನ್ನ ಹೊಟ್ಟೆ ಮಡಿಕೆ, ಆಪರೇಷನ್ ಗಾಯ ಎಲ್ಲಾ ನೋಡಿದ್ದೀವಿ. ಯಾರಾದ್ರೂ ಹೆದರಿ ಎದ್ದು ಓಡಿದ್ವಾ? ಅಲ್ಲಿಗೆ ಹೋಗಿ ಮನಸ್ಸಿಗೆ ಕಿಮೊನೊ ಮೇಲೆ ಕಿಮೊನೊ ಸುತ್ಕೊಂಡು ಕೂತ್ರೆ, ಆಯಮ್ಮ ಉಜ್ಜೋದಾದ್ರೂ ಎಲ್ಲಿ?"

"ಬಾಯೇ ಬರಲ್ಲ ಇಕುಯೊ."

"ಹಾಗಂತಾನೇ ಹೇಳು. ಹೇಳೋಕೆ ನಾಚಿಕೆಯಾಗೋದು ಒಂದಿದೆ ಅನ್ನು ಸಾಕು, ಮುಂದಿನ ದಾರಿ ಅವಳು ತೋರಿಸ್ತಾಳೆ. ಜೀವಕ್ಕೆ ಅಪಾಯ ಇದ್ರೆ ಬೇರೆ ವಿಷ್ಯ. ಇಲ್ದಿದ್ರೆ ಅಲ್ಲಿ ಆಡಿದ ಮಾತು ಆ ಬಾಗಿಲು ದಾಟಲ್ಲ."

ಮುಂದಿನ ಭೇಟಿಯಲ್ಲಿ ಅಕಿಹೊ ಎಂದಿನಂತೆ ಕೇಳಿದಳು. "ನಿಮ್ಮ ದಯ..." ಎನ್ನುತ್ತಲೇ ಮಿಸಾವೊ ನಾಲಿಗೆ ಕಚ್ಚಿಕೊಂಡಳು. "ಇಲ್ಲ ಮೇಡಂ. ಚೆನ್ನಾಗಿಲ್ಲ. ಹೇಳೋಕೆ ನಾಚಿಕೆಯಾಗೋದು ಒಂದಿದೆ."

ಅಕಿಹೊ ಪೆನ್ನು ಕೆಳಗಿಟ್ಟಳು.

"ಅವರು ಹೋದಾಗ ನನಗೆ ಖುಷಿಯಾಯ್ತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ರು. ಒರೆಸಿದೆ, ತಿನ್ನಿಸಿದೆ, ಬೈಸ್ಕೊಂಡೆ. ಸುಟ್ಟು ಬಂದ ಮೇಲೆ ಎಲ್ಲರೂ ಅಳ್ತಿದ್ರು. ನಾನು ಒಳಗೆ ಹೋಗಿ, ಕಾಲು ಚಾಚಿ, ಗೊರಕೆ ಹೊಡೆದು ನಿದ್ದೆ ಮಾಡ್ಬಿಟ್ಟೆ. ಎದ್ದು, ಅವರಿಗೆ ವಾಸನೆಯೇ ಆಗದ ಬೆಳ್ಳುಳ್ಳೀನ ಹುರಿದು ತಿಂದೆ. ಏನು ರುಚಿ ಅಂತೀರಿ! ಆಮೇಲೆ ಎಂಥಾ ಹೆಂಗಸಪ್ಪಾ ನಾನು ಅನ್ನಿಸ್ತು. ಅವತ್ತಿಂದ ಅನ್ನ ಇಳೀತಿಲ್ಲ."

ಅಕಿಹೊ ಹುಬ್ಬು ಗಂಟಿಕ್ಕಲಿಲ್ಲ. "ಅಷ್ಟು ವರ್ಷ ಹೊತ್ತ ಭಾರ ಇಳಿದಾಗ ಹಗುರ ಅನ್ನಿಸೋದು ಸಹಜ ಮಿಸಾವೊ ಅವರೇ. ಪ್ರೀತಿ ಇರಲಿಲ್ಲ ಅಂತ ಅದರರ್ಥ ಅಲ್ಲ. ಈ ಮಾತನ್ನ ನನ್ನೆದುರು ಹೇಳಿದವರು ಎಷ್ಟೋ ಜನ ಇದ್ದಾರೆ. ಫೋಟೋ ಮುಂದೆ ಕೂತ್ಕೊಳ್ಳಿ ಅಂದಿದ್ದು ಇದು ಗೊತ್ತಿಲ್ದೆ. ಸದ್ಯಕ್ಕೆ ಅದು ಬೇಡ. ನಿಮ್ಮನ್ನ ನೀವೇ ಬೈಕೊಳ್ತಿದ್ದೀರಲ್ಲ, ಅಲ್ಲಿಂದ ಶುರು ಮಾಡೋಣ."

ಅನ್ನ ಒಂದೇ ದಿನಕ್ಕೆ ಇಳಿಯಲಿಲ್ಲ. ಮೊದಲು ಗಂಜಿ ಇಳಿಯಿತು, ಆಮೇಲೆ ಮೆತ್ತಗಿನ ಅನ್ನ. ಚಳಿ ಮುಗಿಯುವ ಹೊತ್ತಿಗೆ ಹತ್ಸುನೊಳ ಮನೆಗೆ ಊಟಕ್ಕೆ ಹೋದ ಮಿಸಾವೊ ಎರಡನೇ ಸಲ ಬಟ್ಟಲು ಮುಂದೆ ಚಾಚಿದಳು.

"ಏನೇ ಇದು! ಆಯಮ್ಮನ ಹತ್ರ ಅಂಥಾದ್ದೇನು ಹೇಳ್ದೆ?"

ಮಿಸಾವೊ ಮುಚ್ಚಿಡದೆ ಹೇಳಿದಳು. "ನಿಮ್ಮ ತಮ್ಮ ಹೋದಾಗ ನನಗೆ ಹಗುರ ಅನ್ನಿಸಿತ್ತು ಅಕ್ಕ. ಅದನ್ನ ಹೇಳ್ದೆ."

ಈಗ ಬೈಗುಳ ಬರುತ್ತದೆಂದು ಮಿಸಾವೊ ಕಾದಳು. ಹತ್ಸುನೊ ಬಟ್ಟಲಿಗೆ ತುಂಬ ಅನ್ನ ಬಡಿಸಿ, ಮೆಲ್ಲಗೆ ಕೇಳಿದಳು: "ಅಮ್ಮ ಹೋದಾಗ ನನಗೂ... ಆಯಮ್ಮ ಯಾವ್ಯಾವ ವಾರ ಸಿಗ್ತಾಳೆ?"

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಟ್ಟೆಕಿಚ್ಚು, ಬಯಸಬಾರದವರ ಮೇಲಿನ ಬಯಕೆ, ಇವರು ಸಾಯಬಾರದೇ ಎನ್ನುವ ಸಿಟ್ಟು, ನಾನೇ ಸಾಯಬಾರದೇ ಎನ್ನುವ ಬೇಸರ, ಇವು ಬಂದ ಮಾತ್ರಕ್ಕೆ ನೀವು ಕೆಟ್ಟವರಾಗುವುದಿಲ್ಲ. ಆದರೆ ಅವನ್ನು ಬಚ್ಚಿಟ್ಟರೆ, ಸಮಾಲೋಚಕರು ನಿಮಗಿಲ್ಲದ ನೋವಿಗೆ ಮದ್ದು ಹುಡುಕುತ್ತಾ ಕೂರಬೇಕಾಗುತ್ತದೆ. ಸಾಯುವ ಯೋಚನೆಯಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ, ಇವತ್ತೇ ಹೇಳಿ. ಉಳಿದದ್ದನ್ನು ನಿಮಗೆ ಆದಷ್ಟು ಹೇಳಿ, ತೊದಲಿದರೂ ಪರವಾಗಿಲ್ಲ. ಅವರು "ಹೇಗಿದ್ದೀರಿ?" ಎಂದು ಕೇಳುವುದು ಮರ್ಯಾದೆಗಲ್ಲ, ನಿಜವಾಗಿ ತಿಳಿಯಲಿಕ್ಕೆ.