ಕೊಸರಿಗೆ ಬಂದ ಪಿನ್ನು

ಶ್ರಾವಣದ ಜಿಟಿಜಿಟಿ ಮಳೆ, ಹೊತ್ತು ಆಗಷ್ಟೇ ಏರುತ್ತಿತ್ತು. ಪಂಚಮಿಗೆಂದು ಬಾಳವ್ವ ಬಳೆಗಾರ್ತಿ ಹುಸೇನಬಿಯ ಮುಂದೆ ಕೈಚಾಚಿ ಕುಳಿತಿದ್ದಳು. ಬಳೆ ಇಟ್ಟಾದ ಮೇಲೆ, "ರೊಕ್ಕ ಕೊಟ್ಟೀನಿ, ಮ್ಯಾಲಿನ ಕೊಸರು ಎಲ್ಲೈತಿ?" ಎಂದಳು.

"ಬಿಡಂಗಿಲ್ಲ ನೀ," ಎಂದು ನಗುತ್ತ ಹುಸೇನಬಿ ನನ್ನನ್ನು ನೆಲದ ಮೇಲಿಟ್ಟಳು. ಪಿನ್ನನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದಂತೆ. ಬಾಳವ್ವ ಎತ್ತಿ ಬಳೆಗೆ ಸಿಕ್ಕಿಸಿಕೊಂಡಳು. ಎಲ್ಲೋ ತಂತಿ ಬಗ್ಗಿಸಿ, ತಗಡಿನ ಟೊಪ್ಪಿಗೆ ಹಾಕಿ ಮಾಡಿದ ನನಗೆ ಅಂದಿನಿಂದ ಒಂದು ಮನೆಯಾಯಿತು.

ಗದಗಿನಲ್ಲಿ ಈರಮ್ಮನ ಖಾನಾವಳಿ. ಅಲ್ಲಿ ಬಾಳವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಳೆಯ ಜೊತೆ ನಾನೂ ಕುಣಿಯುತ್ತಿದ್ದೆ. ಅವಳ ಕಾಲಿನ ಮುಳ್ಳು ತೆಗೆದೆ, ಮಗಳು ಕಸ್ತೂರಿಯ ಮದುವೆಯಲ್ಲಿ ಸೀರೆಯ ನೆರಿಗೆ ಹಿಡಿದೆ. ಅವು ನನ್ನ ಒಳ್ಳೆಯ ದಿನಗಳು.

ಆಮೇಲೆ ಬಾಳವ್ವನ ಸೊಂಟ ಹಿಡಿಯಿತು. ಕಾಲಿಗೆ ಜೋಮು. ಒಲೆಯ ಮುಂದೆ ಕುಳಿತಲ್ಲೇ ಉಚ್ಚೆ ಹೋಗತೊಡಗಿತು. ಹಳೆಯ ಸೀರೆಯ ತುಂಡು ಮಡಚಿ ಒಳಗೆ ಇಟ್ಟುಕೊಂಡಳು. ಅದನ್ನು ಲಂಗಕ್ಕೆ ಹಿಡಿದು ನಿಲ್ಲಿಸುವುದು ನನ್ನ ಪಾಲಿಗೆ ಬಂತು. "ಸೋರೋ ಮುದುಕಿ ಕೈಯಾಗಿನ ರೊಟ್ಟಿ ಯಾರು ತಿಂತಾರ?" ಎಂದು ತನಗೆ ತಾನೇ ಅಂದುಕೊಳ್ಳುತ್ತಿದ್ದಳು. ಮಗಳಿಗೂ ಹೇಳಲಿಲ್ಲ.

ಸೊಂಟದ ಎಂ.ಆರ್.ಐ. ಮಾಡಿಸಬೇಕೆಂದರು ಡಾಕ್ಟರು. ಜೊತೆಗೆ ಈರಮ್ಮನೇ ಬಂದಳು. ಬಾಳವ್ವ ಬಳೆ, ಕಾಲುಂಗುರ, ಮೂಗುಬಟ್ಟು ಎಲ್ಲ ಬಿಚ್ಚಿಕೊಟ್ಟಳು. ಒಳಗೆ ಚೂರು ಲೋಹವೂ ಹೋಗುವಂತಿಲ್ಲವೆಂದು ಸ್ಕ್ಯಾನ್ ಮಾಡುವ ಹುಡುಗಿ ಅದನ್ನು ಹುಡುಕುವ ಯಂತ್ರವನ್ನು ಮೈಮೇಲೆ ಆಡಿಸಿದಳು. ಸೊಂಟದ ಹತ್ತಿರ ಅದು ಕುಂಯ್ ಎಂದಿತು.

"ಇನ್ನೂ ಏನೋ ಐತ್ರಿ ಆಯಿ. ಪಿನ್ನು, ಗಿನ್ನು?"

ಬಾಳವ್ವ ಈರಮ್ಮನ ಮುಖ ನೋಡಿದಳು. ನಾನು ಬಿಚ್ಚಿಕೊಂಡರೆ ಬಟ್ಟೆ ಜಾರುತ್ತಿತ್ತು, ಗುಟ್ಟೂ ಜಾರುತ್ತಿತ್ತು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿಯುವುದೊಂದೇ ನನಗೆ ಗೊತ್ತಿದ್ದದ್ದು.

"ಆ ಗುಂಯ್ ಅನ್ನೋ ಗವಿಯಾಗ ನಾ ಹೋಗಂಗಿಲ್ಲ. ಅಂಜಿಕಿ ಬರತೈತಿ," ಎಂದು ಹೊರಗೆ ಬಂದುಬಿಟ್ಟಳು.

ಚಳಿಗಾಲ ಮುಗಿಯುವ ಹೊತ್ತಿಗೆ ಕಾಲುಗಳು ಬಿದ್ದೇ ಹೋದವು. ಕಸ್ತೂರಿ ಕೊಪ್ಪಳದಿಂದ ಓಡಿಬಂದು, ತಾಯಿಯನ್ನು ಗಾಲಿ ಕುರ್ಚಿಯಲ್ಲಿ ಮತ್ತೆ ಅಲ್ಲಿಗೇ ಕರೆದೊಯ್ದಳು. ಈ ಸಲ ನನ್ನನ್ನು ಬಿಚ್ಚಿದವಳು ಕಸ್ತೂರಿ. ಅದೇ ಹುಡುಗಿ ಬಟ್ಟೆ ನೋಡಿ, "ಇಷ್ಟಕ್ಕೇನ ಆಯಿ ಅವತ್ತು ಎದ್ದು ಹೋಗಿದ್ದು? ದಿನಾ ಬರ್ತಾರ ಇಂಥವ್ರು. ಡೈಪರ್ ಹಾಕಿ ಮಲಗಿಸ್ತೀವಿ," ಎಂದಳು. ನಾನು ಹೊರಗೆ ಉಳಿದೆ. ಸ್ಕ್ಯಾನಿನ ಚಿತ್ರ ನೋಡಿದ ಡಾಕ್ಟರು, ನರ ಬಹಳ ದಿನ ಒತ್ತಿಹೋಗಿದೆ, ಮೊದಲೇ ನೋಡಿದ್ದರೆ ಕಾಲು ಉಳಿಯುತ್ತಿತ್ತೇನೋ ಎಂದರಂತೆ.

ಕಸ್ತೂರಿ ತಾಯಿಯನ್ನು ಕೊಪ್ಪಳಕ್ಕೆ ಕರೆದೊಯ್ಯಲು ನಿಂತಳು. ಹೊರಡುವ ಮುಂಚೆ ಬಾಳವ್ವ ಒಲೆಯ ಪಕ್ಕ ಕುಳಿತು ಈರಮ್ಮನಿಗೆ ಎಲ್ಲ ಹೇಳಿದಳು. ಈರಮ್ಮ ಇನ್ನಷ್ಟು ಹತ್ತಿರ ಸರಿದು ಕುಳಿತಳು.

"ನನಗೂ ಹಂಗ ಐತೆವ್ವಾ. ಕೆಮ್ಮಿದ್ರ ಸಾಕು. ನಾನೂ ಬಟ್ಟಿ ಇಟ್ಗೊಂಡೇ ಗಲ್ಲಾದ ಮ್ಯಾಲೆ ಕುಂಡ್ರತೀನಿ. ನೀ ಏನಂತೀಯೋ ಅಂತ ಬಾಯಿ ಬಿಡಲಿಲ್ಲ."

"ಇಬ್ರೂ ಶಾಣ್ಯಾರ ನೋಡು!" ಎಂದು ಬಾಳವ್ವ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ನನ್ನನ್ನು ಈರಮ್ಮನ ಮುಂದೆ ನೆಲದ ಮೇಲಿಟ್ಟಳು. "ತಗೋ, ಕೊಸರು. ಬಟ್ಟಿಗೆ ಚುಚ್ಚಬ್ಯಾಡ. ಹೋಗಿ ತೋರಸು."

ಈರಮ್ಮ ನನ್ನನ್ನು ಕ್ಯಾಲೆಂಡರಿನ ದಾರಕ್ಕೆ ಸಿಕ್ಕಿಸಿ, ದವಾಖಾನೆಗೆ ಹೋಗಿಬಂದಳು. ಈಗ ನನ್ನ ತುದಿಗೆ ತುಕ್ಕು ಹಿಡಿದಿದೆ. ಕೆಳಗೆ ಬೇರೆ ಕೈಗಳು ರೊಟ್ಟಿ ಬಡಿಯುತ್ತವೆ. ಅಂದು ಸ್ಕ್ಯಾನಿನ ಬಾಗಿಲಲ್ಲಿ ಒಂದು ಗಳಿಗೆ ನನ್ನ ಹಿಡಿತ ಸಡಿಲವಾಗಿದ್ದರೆ ಎಂದು ಆ ಸದ್ದು ಕೇಳಿದಾಗಲೆಲ್ಲ ಅನ್ನಿಸುತ್ತದೆ.

ಈ ಕ್ಯಾಲೆಂಡರಿನಲ್ಲಿ ನಾನು ಗುರುತಿಟ್ಟುಕೊಂಡ ದಿನ ಒಂದೇ: ಬಾಳವ್ವ ಗದಗು ಬಿಟ್ಟ ಹೋಳಿಹುಣ್ಣಿಮೆಯ ಮರುದಿನ, ಸೋಮವಾರ.